ವಿದ್ಯಾ ಬಾಲನ್ ಥರ ಸೀರಿ ಉಡಬೇಕಂದ್ರ ನಮ್ಮ ಕಡಿ ಬಿಸಿಲಾಗ ಹ್ಯಾಂಗ್ರಿ?

ಯಾದಗಿರಿ ತಂಗಿ:
ನಮಸ್ಕಾರ್ರಿ ಎಲ್ಲಾರಿಗೂ. ಈ ವರ್ಷ ಕಲಬುರಗಿಯಾಗ ಒಂದು ಡಿಗ್ರಿ ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರ್ ಅಂತ ಸೇರೀನಿ, ದಿನಾ ಸೀರಿನೇ. ನನಗ ಹಿಂದಿ ಸಿನಿಮಾ ನಟಿ ವಿದ್ಯಾ ಬಾಲನ್ ಸೀರಿ ಉಡೋದು ಭಾಳ ಅಂದ್ರ ಭಾಳ ಸೇರ್ತದ, ಆ ಉದ್ದ ತೋಳಿನ ಜಂಪರು, ಕೈಮಗ್ಗದ ಸೀರಿ, ಕಿವ್ಯಾಗ ದೊಡ್ಡ ಜುಮಕಿ, ಅಷ್ಟೇ. ಆದ್ರ ಆ ಫೋಟೋ ತೋರಿಸಿ ಕಪಡಾ ಬಜಾರದಾಗ ಕೇಳಿದ್ರ ಒಂದೋ ಪಾಲಿಸ್ಟರ್ ತೆಗೀತಾರ ಇಲ್ಲಾ ನನ್ನ ಪಗಾರ ಮುಗಿಯೋವಂಥಾದ್ದು ತೆಗೀತಾರ. ಮತ್ತ ನಾ ಸ್ವಲ್ಪ ಗಿಡ್ಡ ಇದೀನಿ, ದೊಡ್ಡ ಅಂಚು ಒಪ್ತದೇನು? ಮೇ ತಿಂಗಳದಾಗ ಆ ತೋಳು ಹಾಕ್ಕೊಂಡು ಕ್ಲಾಸ್ ತಗೋಳದು ಹ್ಯಾಂಗ? ತಿಳದೋರು ಹೇಳ್ರಿ.

ಹೊಲಿಗಿ ಅಕ್ಕ, ಕಲಬುರಗಿ:
ತಂಗಿ, ಮೊದ್ಲ ಒಂದು ಕೆಲಸ ಮಾಡವ್ವಾ. ಅವರ ಹತ್ತಿಪ್ಪತ್ತು ಫೋಟೋ ಒಂದರ ಬಾಜೂಕ ಒಂದು ಇಟ್ಟು ನೋಡು, ಸೀರಿ ಪ್ರತಿಸಲ ಬ್ಯಾರೆ ಇರ್ತದ, ಆದ್ರ ಜಂಪರಿನ ಕತ್ತು, ತೋಳು, ಮೈಗೆ ಕುಂತಿರೋ ಫಿಟಿಂಗು ಮತ್ತ ಮತ್ತ ಅದೇ ಬರ್ತದ. ನೀ ತಗೋಬೇಕಾದ್ದು ಅದು, ಸೀರಿ ಅಲ್ಲ. ಅವರು 2013ರಾಗ ಕಾನ್ ಚಿತ್ರೋತ್ಸವದ ಜ್ಯೂರಿಯಾಗ ಇದ್ದಾಗ ಸಬ್ಯಸಾಚಿ ಅನ್ನೋ ಡಿಸೈನರ್ ಬಟ್ಟಿ ಹಾಕ್ಕೊಂಡಿದ್ರು, ಅದು ಫ್ರಾನ್ಸ್, ನಮ್ಮಲ್ಲಿ ಬ್ಯಾಸಿಗ್ಯಾಗ 42, 43 ಡಿಗ್ರಿ ಹೋಗ್ತದ, ಅದಕ್ಕ ತೋಳು ಮೊಣಕೈ ತನಕ ಇಡಿಸು ಸಾಕು, ನೋಟ ಕೆಡಂಗಿಲ್ಲ. ಬಟ್ಟಿ ಕಾಟನ್ನೇ ಇರ್ಲಿ, ಅಸ್ತರೂ ಕಾಟನ್ನೇ ಹಾಕಿಸು, ಭಾಳ ಮಂದಿ ಮ್ಯಾಲ ಕಾಟನ್ ಕೊಟ್ಟು ಒಳಗ ಟೆರಿಕಾಟ್ ಅಸ್ತರ್ ಹಾಕಿಸ್ತಾರ, ಆಮ್ಯಾಲ ಕಾವು ಕಾವು ಅಂತಾರ. ಭುಜದ ಹೊಲಿಗಿ ಸರಿಯಾಗಿ ಭುಜದ ಮ್ಯಾಲೇ ಬರಬೇಕು, ಕಂಕಳಾಗ ಸುಕ್ಕು ಬೀಳಬಾರ್ದು, ಕೈ ಎತ್ತಿ ಬೋರ್ಡಿನ ಮ್ಯಾಲ ಬರದಂಗ ಮಾಡಿ ನೋಡಿ ಆಮ್ಯಾಲ ಮನೀಗ್ ಒಯ್ಯಿ. ಕರಿದು, ಕೆಂಪು, ಸಾಸಿವಿ ಬಣ್ಣದ್ದು ಇಂಥಾ ಮೂರು ಜಂಪರ್ ಚಂದಂಗ ಹೊಲಿಸಿದ್ರ ಎಷ್ಟು ಸೀರಿಗೆ ಬೇಕಾದ್ರೂ ಹೊಂದ್ತಾವ. ಗಿಡ್ಡ ಇದ್ದೋರಿಗೆ ಅಂಚು ಸಣ್ಣದೇ ಚಂದ.

ಗಂಜಿ ಸೀರಿ:
ಸೀರಿಗಿ ಅಷ್ಟು ದೂರ ಯಾಕ ನೋಡ್ತೀರಿ, ನಮ್ಮ ಅಜ್ಜಿ ಅಮ್ಮಗೋಳು ದಿನಾ ಉಟ್ಟಿದ್ದು ಇಳಕಲ್ ಅಲ್ಲೇನ್ರಿ? ಕಾಟನ್ ಒಡಲು, ಕೆಂಪು ಸೆರಗು, ಅದರಾಗ ತೋಪ ತೆನಿ ಅನ್ನೋ ಬಿಳಿ ಚಿತ್ತಾರ, ಅಂಥಾದ್ದು ಒಂದು ಉಟ್ರ ಬ್ಯಾರೆ ಅಲಂಕಾರ ಬೇಕಾಗಂಗಿಲ್ಲ. ಕೈಮಗ್ಗದ್ದ್ರಾಗ ಒಡಲಿನ ಹಾಸು, ಅಂದ್ರ ಉದ್ದುದ್ದ ಎಳಿ, ಬ್ಯಾರೆ ಸೆರಗಿನ ಹಾಸು ಬ್ಯಾರೆ ಇರ್ತದ, ಎಳಿಗಿ ಎಳಿ ಕೊಂಡಿ ಹಾಕಿ ಕೂಡಿಸ್ತಾರ, ಆ ಕೆಲಸ ನೋಡಿದ್ರ ಕಣ್ಣು ತುಂಬ್ತದ ಖರೇನ. ಪವರ್‌ಲೂಮಿಂದು ಸೋವಿ ಸಿಗ್ತದ, ಆದ್ರ ಕೈಮಗ್ಗದ್ದು ಅಂತ ತೋರಿಸೋ ಹ್ಯಾಂಡ್‌ಲೂಮ್ ಮಾರ್ಕ್ ಕೇಳಿ ತಗೋರಿ. ಗುಳೇದಗುಡ್ಡ ಖಣದ ಜಂಪರ್ ಹೊಲಿಸ್ರಿ, ಖಣದ ಪನ್ನಾ, ಅಂದ್ರ ಅಗಲ, ಸಣ್ಣದು, ಉದ್ದ ತೋಳಿಗೆ ಒಂದು ಖಣ ಸಾಲಂಗಿಲ್ಲ, ಟೇಲರಿಗೆ ಕೇಳಿಯೇ ಖರೀದಿ ಮಾಡ್ರಿ.

ಬೀದರ್ ಹುಡುಗ:
ಸೀರಿ ವಿಚಾರ ನನಗ ಗೊತ್ತಿಲ್ರಿ ಮೇಡಂ, ಜುಮಕಿ ಬದ್ಲಿ ಬಿದ್ರಿ ಓಲೆ ಹಾಕಿ ನೋಡ್ರಿ. ಸತುವು ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂಡಿಸಿ, ಬೀದರ್ ಕೋಟೆ ಮಣ್ಣಿನಾಗ ಕಾಸಿ ಕರಿ ಮಾಡ್ತಾರ, ಕರಿ ಮ್ಯಾಲ ಬೆಳ್ಳಿ ಅಂದ್ರ ಯಾವ ಸೀರಿಗೂ ನಡೀತದ. ಬೀದರಿಗೆ ಬಂದ್ರ ಚೌಬಾರಾ ಕಡಿ ಅಂಗಡಿ ಅವ, ಸಣ್ಣದೇ ಆರಿಸ್ರಿ, ದೊಡ್ಡದು ಕಿವೀಗಿ ಭಾರ ಆಗ್ತದ.

ಯಾದಗಿರಿ ತಂಗಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ರಿ. ಅಮ್ಮನ ಹಳೇ ಹಸರು ಇಳಕಲ್ ಮನ್ಯಾಗ ಅದ, ಅದಕ್ಕ ಕರಿ ಜಂಪರ್ ನಡೀತದೇನಕ್ಕಾ, ಇಲ್ಲಾ ಸೆರಗಿನ ಕೆಂಪೇ ಹೊಲಿಸಲಾ?

ಹೊಲಿಗಿ ಅಕ್ಕ, ಕಲಬುರಗಿ:
ಕರಿದೇ ಹೊಲಿಸವ್ವಾ, ಸೆರಗು ಎದ್ದು ಕಾಣ್ತದ. ಬಟ್ಟಿ ಒಮ್ಮಿ ನೀರಾಗ ನೆನಸಿ ಒಣಗಿಸಿ ಕೊಡು, ಇಲ್ಲಂದ್ರ ಮೊದಲ ಒಗತಕ್ಕೇ ತೋಳು ಬಿಗಿ ಆಗ್ತದ.