ಪರ್ಷಿಯನ್ ಪುಸ್ತಕದ ಹೆಸರು ಕಣ್ಣಿಗೆ ಕಾಣ್ತಿದೆ, ಸರ್ಚ್‌ಗೆ ಸಿಗ್ತಿಲ್ಲ, ಏನ್ ಮಾಡೋದು?

ಹಾಸನ್_ಪಿಎಚ್‌ಪಿ:
ನಮಸ್ಕಾರ ಎಲ್ರಿಗೂ. ಇಲ್ಲಿ ಹಾಸನದಲ್ಲಿ ಪರಿಚಯದ ಮೇಷ್ಟ್ರೊಬ್ರ ಮನೇಲಿ ಅವರ ತಾತನ ಕಾಲದ್ದು ಎರಡು ಬೀರು ತುಂಬ ಪುಸ್ತಕ ಇದೆ, ಕನ್ನಡ ಉರ್ದು ಪರ್ಷಿಯನ್ ಎಲ್ಲಾ ಸೇರಿ ಸಾವಿರದ ಮೇಲೆ. ಕ್ಯಾಟಲಾಗ್ ಮಾಡ್ಕೊಡಪ್ಪ ಅಂದ್ರು, ಮೈಎಸ್‌ಕ್ಯೂಎಲ್ ಡೇಟಾಬೇಸಲ್ಲಿ ಮಾಡಿದೀನಿ. ಕನ್ನಡದ್ದು ಸಲೀಸು, ಪರ್ಷಿಯನ್ನೇ ತಲೆ ತಿಂತಿದೆ. ಹೆಸರಲ್ಲಿ 'ಜಮೀನ್' ಅನ್ನೋ ಪದ ಇರೋ ಪುಸ್ತಕ ಮೂರಿದೆ, ಫೋನಿಂದ ಪರ್ಷಿಯನ್ ಕೀಬೋರ್ಡಲ್ಲಿ ಹುಡುಕಿದ್ರೆ ಎರಡೇ ಬರುತ್ತೆ. ಸ್ಕ್ರೀನಲ್ಲಿ ನೋಡಿದ್ರೆ ಮೂರರಲ್ಲೂ ಆ ಪದ ಅಚ್ಚು ಒತ್ತಿದಂಗೆ ಒಂದೇ ಥರ ಇದೆ. ಡೇಟಾ ಸ್ವಲ್ಪ ಹಳೇ ಎಕ್ಸೆಲ್‌ನಿಂದ ಬಂದಿದ್ದು, ಸ್ವಲ್ಪ ಪೆನ್ಷನ್ ಮೊಹಲ್ಲಾದ ಹುಡುಗ ಒಬ್ಬ ಉರ್ದು ಕೀಬೋರ್ಡಲ್ಲಿ ಹೊಡೆದಿದ್ದು, ಮಿಕ್ಕಿದ್ದು ಮೇಷ್ಟ್ರೇ ಫೋನಲ್ಲಿ ಹಾಕಿದ್ದು. ಎನ್‌ಕೋಡಿಂಗ್ ಯುಟಿಎಫ್8ಎಂಬಿ4 ಇದೆ (ಎಲ್ಲಾ ಲಿಪಿನೂ ಸೇವ್ ಆಗೋ ಸೆಟ್ಟಿಂಗ್), ಪ್ರಶ್ನಾರ್ಥಕ ಚಿಹ್ನೆ ಎಲ್ಲ ಏನೂ ಬರ್ತಿಲ್ಲ. ನನಗೆ ಆ ಲಿಪಿ ಒಂದಕ್ಷರ ಓದಕ್ಕೆ ಬರಲ್ಲ, ಅದನ್ನ ತಲೇಲಿಟ್ಕೊಂಡು ಹೇಳಿ.

ಮೂಡಿಗೆರೆ_ಬ್ಯಾಕೆಂಡ್:
ಓದಕ್ಕೆ ಬಂದಿದ್ರೂ ಪ್ರಯೋಜನ ಇರ್ಲಿಲ್ಲ ಮಾರಾಯ್ರೆ, ಇದು ಕಣ್ಣಿಗೆ ಗೊತ್ತಾಗಲ್ಲ. ಆ ಮೂರು ರೋ ತಗೊಂಡು ಹೆಕ್ಸ್ ಫಂಕ್ಷನ್ ಹಾಕಿ ಒಳಗಿರೋ ಬೈಟ್ ನೋಡಿ. 'ಜಮೀನ್'ನಲ್ಲಿ ಮೂರನೇ ಅಕ್ಷರ 'ಯೆ'. ಅರಬ್ಬಿ ಯೆ ಬೇರೆ, ಯೂನಿಕೋಡಲ್ಲಿ (ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡೋ ಪಟ್ಟಿ) 064ಎ. ಫಾರ್ಸಿ ಯೆ ಬೇರೆ, 06ಸಿಸಿ. ಪದದ ಮಧ್ಯ ಬಂದಾಗ ಎರಡಕ್ಕೂ ಕೆಳಗೆ ಎರಡು ಚುಕ್ಕೆ, ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಕೊನೇಲಿ ಬಂದ್ರೆ ಮಾತ್ರ ಅರಬ್ಬಿದಕ್ಕೆ ಚುಕ್ಕೆ ಇರುತ್ತೆ, ಫಾರ್ಸಿದಕ್ಕೆ ಇರಲ್ಲ. 'ಕಾಫ್' ಅಕ್ಷರದ್ದೂ ಇದೇ ಕಥೆ, 0643 ಒಂದು, 06ಎ9 ಇನ್ನೊಂದು, 'ಕಿತಾಬ್' ಅಂತ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ. ಅರಬ್ಬಿ ಲಿಪಿಗೆ ಇದ್ದ ಹಳೇ ಅಕ್ಷರ ಪಟ್ಟಿ, ವಿಂಡೋಸ್ 1256 ಕೋಡ್ ಪೇಜಲ್ಲಿ ಫಾರ್ಸಿ ಯೆ ಇರ್ಲೇ ಇಲ್ಲ, ಹಾಗಾಗಿ ಇರಾನಿನವರೇ ಅರಬ್ಬಿ ಯೆ ಹಾಕ್ಕೊಂಡು ಬರೀತಿದ್ರು, ಆ ಕಾಲದ ಡೇಟಾ ಇವತ್ತಿಗೂ ಓಡಾಡ್ತಿದೆ. ನಿಮ್ಮ ಎಕ್ಸೆಲ್ಲೂ ಅದೇ ಸಂತಾನ ಇರ್ಬೇಕು.

ಹಾಸನ್_ಪಿಎಚ್‌ಪಿ:
ಅಯ್ಯೋ ಹೌದು ಗುರು!! ಎಕ್ಸೆಲ್‌ದು ಡಿ9 8ಎ ಅಂತ ಬಂತು (064ಎ ಬೈಟಲ್ಲಿ ಹಿಂಗೆ), ಮಿಕ್ಕಿದ್ದೆರಡೂ ಡಿಬಿ 8ಸಿ (06ಸಿಸಿ). ಒಂದು ವಾರ ಕೊಲೇಷನ್ (ಅಕ್ಷರ ಹೋಲಿಸೋ, ಸಾರ್ಟ್ ಮಾಡೋ ನಿಯಮ) ಬದಲಾಯಿಸ್ತಾ ಕೂತಿದ್ದೆ. ಹಂಗಿದ್ರೆ ಎನ್‌ಎಫ್‌ಸಿ, ಅಂದ್ರೆ ಒಂದೇ ಅಕ್ಷರದ ಬೇರೆ ಬೇರೆ ರೂಪ ಒಂದು ಮಾಡೋ ಯೂನಿಕೋಡ್ ನಿಯಮ, ಅದನ್ನ ಮಾಡಿದ್ರೆ ಸರಿ ಹೋಗುತ್ತಾ?

ಮೂಡಿಗೆರೆ_ಬ್ಯಾಕೆಂಡ್:
ಹೋಗಲ್ಲ. ಯೂನಿಕೋಡ್ ಪ್ರಕಾರ ಅವು ಎರಡು ಬೇರೆ ಅಕ್ಷರ, ಎನ್‌ಎಫ್‌ಸಿ ಮುಟ್ಟಲ್ಲ, ಎನ್‌ಎಫ್‌ಕೆಸಿನೂ ಇದನ್ನ ಮುಟ್ಟಲ್ಲ. ಪಿಡಿಎಫಿಂದ ಕಾಪಿ ಮಾಡಿದಾಗ, ಪದದ ಮೊದಲು, ಮಧ್ಯ, ಕೊನೆ ಅಂತ ಆಕಾರಕ್ಕೊಂದು ಬೇರೆ ನಂಬರ್ ಇರೋ ಅಕ್ಷರ ಬರುತ್ತೆ, ಅಂಥವಕ್ಕೆ ಎನ್‌ಎಫ್‌ಕೆಸಿ ಬೇಕು, ಅಷ್ಟೇ. ಯೆ, ಕಾಫ್ ನೀವೇ ಕೈಯಾರೆ ಮ್ಯಾಪ್ ಮಾಡ್ಬೇಕು. ಕೊಲೇಷನ್ ಸಾರ್ಟಿಂಗ್‌ಗೆ ಇಟ್ಕೊಳ್ಳಿ, ಮೈಎಸ್‌ಕ್ಯೂಎಲ್‌ನಲ್ಲಿ ಪರ್ಷಿಯನ್‌ಗೆ ಅಂತಲೇ ಒಂದಿದೆ. ಇಲ್ದಿದ್ರೆ ಕೆಲವು ಕೊಲೇಷನ್‌ಗಳಲ್ಲಿ ಕೋಡ್ ಪಾಯಿಂಟ್ (ಯೂನಿಕೋಡ್ ನಂಬರ್) ಪ್ರಕಾರ ಸಾರ್ಟ್ ಆಗಿ 'ಪೆ' ಅಕ್ಷರದ ಪುಸ್ತಕ ಎಲ್ಲಾ ಹಿಂದಕ್ಕೆ ಹೋಗಿ ಕೂರುತ್ತೆ, ಅವರ ವರ್ಣಮಾಲೇಲಿ ಅದು ಮೂರನೇದು.

ಗಲ್ಲಿ_ಕ್ರಿಕೆಟ್:
ಇಷ್ಟೆಲ್ಲಾ ಯಾಕ್ರೀ, ಹೆಸರನ್ನ ಕನ್ನಡದಲ್ಲಿ ಬರೆದು ಇನ್ನೊಂದು ಕಾಲಂ ಹಾಕಿ. ನಮ್ ತಾಲ್ಲೂಕು ಆಫೀಸಲ್ಲಿ ಜಮೀನು, ದರಖಾಸ್ತು ಎಲ್ಲಾ ಕನ್ನಡದಲ್ಲೇ ಬರೀತಾರೆ, ಯಾವ ಯೆ ಅಂತ ಯಾರೂ ಕೇಳಲ್ಲ 😄

ಚಾಯ್_ಮತ್ತು_ಕೋಡ್:
ನಗಬೇಡಿ, ಆ ಕಾಲಂ ಹಾಕೋದು ಒಳ್ಳೇದೇ, ಮನೇಲಿ ಹುಡುಕೋರಲ್ಲಿ ಮೇಷ್ಟ್ರನ್ನ ಬಿಟ್ರೆ ಆ ಲಿಪಿ ಬರೋರು ಕಮ್ಮಿ ಇರ್ಬಹುದು. ಆದ್ರೆ ಅಣ್ಣ, ಉರ್ದು ಕೀಬೋರ್ಡ್ ಅಂದ್ರಲ್ಲ, ಅಲ್ಲಿ ಇನ್ನೊಂದು ಗುಂಡಿ ಇದೆ. ನಾನು ದಿನಾ ಉರ್ದು ಟೈಪ್ ಮಾಡೋನು, ನಮ್ಮದ್ರಲ್ಲಿ 'ಹೆ' ಅಂದ್ರೆ 06ಸಿ1, ಪರ್ಷಿಯನ್ನಲ್ಲಿ 0647. 'ಶಾಹಿ' ಅಂತ ಮೂರು ಕೀಬೋರ್ಡಲ್ಲಿ ಹೊಡೀರಿ, ಮೂರೂ ಬೇರೆ ಬೇರೆ ಬೈಟ್ ಬರುತ್ತೆ. ಹಂಗಂತ ಒರಿಜಿನಲ್ ಕಾಲಮ್ಮೇ ಬದಲಾಯಿಸಿಬಿಡಬೇಡಿ, ಅದೇ ಟೇಬಲ್ಲಲ್ಲಿ ಉರ್ದು ಪುಸ್ತಕನೂ ಇದೆ, ಉರ್ದುಗೆ 06ಸಿ1 ಸರಿಯಾದ ಅಕ್ಷರ. ಹೆಸರು ಹೆಂಗಿದೆಯೋ ಹಂಗೇ ಇರ್ಲಿ, ಪಕ್ಕದಲ್ಲಿ ಹುಡುಕಕ್ಕೆ ಮಾತ್ರ ಒಂದು ಕಾಲಂ ಇಟ್ಟು ಅದ್ರಲ್ಲಿ ಎಲ್ಲಾ ಒಂದು ಮಾಡಿ. ಜನ ಟೈಪ್ ಮಾಡಿದ್ದನ್ನೂ ಅದೇ ಫಂಕ್ಷನ್ ಮೇಲೆ ಹಾಯಿಸಿ ಆಮೇಲೆ ಹುಡುಕಿ, ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತ್ರೆ ಈಗ ಸಿಗ್ತಿರೋದೂ ಸಿಗಲ್ಲ.

ಅಂಕಿನೂ ನೋಡ್ಕೊಳ್ಳಿ. ಹಿಜರಿ 1213, ಟಿಪ್ಪು ಸುಲ್ತಾನ್ ತೀರ್ಕೊಂಡ ವರ್ಷ, ಅಂತ ಪರ್ಷಿಯನ್ ಅಂಕೀಲಿ ಬರೆದ್ರೂ ಅರಬ್ಬಿ ಅಂಕೀಲಿ ಬರೆದ್ರೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. 4, 5, 6 ಮಾತ್ರ ಬರೆಯೋ ರೀತಿ ಬೇರೆ.

ಮಲ್ನಾಡ್_ಮಳೆ:
ಅರ್ಧ ಸ್ಪೇಸ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಪರ್ಷಿಯನ್ನಲ್ಲಿ ಅದಕ್ಕೆ ನೀಮ್ ಫಾಸಿಲೆ ಅಂತಾರೆ, ಯೂನಿಕೋಡ್ 200ಸಿ, ಕಣ್ಣಿಗೆ ಕಾಣದ ಅಕ್ಷರ. ಪುಸ್ತಕಗಳು ಅನ್ನಕ್ಕೆ 'ಕಿತಾಬ್', ಆಮೇಲೆ ಇದು, ಆಮೇಲೆ 'ಹಾ'. ಕೆಲವ್ರು ಸ್ಪೇಸ್ ಹೊಡೀತಾರೆ, ಕೆಲವ್ರು ಅಂಟಿಸಿ ಬರೀತಾರೆ, ಹಾಗಾಗಿ ಒಂದೇ ಪದ ಮೂರು ಥರ. ಇದೇನು ಹೊರಗಿಂದಲ್ಲ, ನಾವು ಕನ್ನಡದಲ್ಲಿ ದಿನಾ ಹಾಕೋದೂ ಇದೇ 200ಸಿ. ನೋಡಿ: ಹಾರ್ಡ್‌ವೇರ್, ಹಾರ್ಡ್ವೇರ್. ಮೊದಲನೇದ್ರಲ್ಲಿ ಇದೆ, ಎರಡನೇದ್ರಲ್ಲಿ ತೆಗೆದಿದೀನಿ, ವತ್ತು ಕೆಳಗೆ ಬಂತಲ್ಲ. ಹಿಂದೆ ನಾನಿದ್ದ ಒಂದು ಕಂಪ್ನೀಲಿ 'ಕಾಣದ ಕಸ ಎಲ್ಲಾ ತೆಗಿ' ಅಂತ ಒಂದು ಫಂಕ್ಷನ್ ಇತ್ತು, ಡೇಟಾಬೇಸಿಗೆ ಹೋಗೋ ಮೊದ್ಲೇ ಇದನ್ನ ಉಜ್ಜಿ ಹಾಕ್ತಿತ್ತು, ಕನ್ನಡ ಪೇಜ್ ತುಂಬಾ ವತ್ತೋ ವತ್ತು. ಅದಕ್ಕೇ ಹೇಳೋದು, ತೆಗೆಯೋದಾದ್ರೆ ಹುಡುಕೋ ಕಾಲಮ್ಮಲ್ಲಿ ಮಾತ್ರ.

ಮೂಡಿಗೆರೆ_ಬ್ಯಾಕೆಂಡ್:
ತೆಗೀಬೇಡಿ, ಸ್ಪೇಸ್ ಮಾಡಿ. ಲೂಸೀನ್ ಅನ್ನೋ ಸರ್ಚ್ ಲೈಬ್ರರಿಯ ಪರ್ಷಿಯನ್ ಅನಲೈಜರ್ ಅದನ್ನೇ ಮಾಡೋದು, ಅದರ ಮೇಲೆ ಕಟ್ಟಿರೋ ಎಲಾಸ್ಟಿಕ್‌ಸರ್ಚಲ್ಲೂ ಅದೇ.

ಮಲ್ನಾಡ್_ಮಳೆ:
ಅದು ಪದ ಪದ ಬಿಡಿಸಿ ಇಂಡೆಕ್ಸ್ ಮಾಡೋ ಕಡೆ ಸರಿ. ಅಲ್ಲೂ ಅಂಟಿಸಿ ಬರೆದಿದ್ದಕ್ಕೆ ಬೇರೆ ಔಷಧಿ ಬೇಕು. ಇವ್ರದ್ದು ಸಾವಿರ ಪುಸ್ತಕ, ಎಸ್‌ಕ್ಯೂಎಲ್‌ನ ಲೈಕ್ ಹಾಕಿ ಹುಡುಕ್ತಾರೆ, ಸ್ಪೇಸೂ ಅರ್ಧ ಸ್ಪೇಸೂ ಎರಡೂ ಕಿತ್ತು ಹಾಕಿದ್ರೆ ಮೂರು ಥರದ್ದೂ ಒಂದಾಗುತ್ತೆ. ಬೇಡದ್ದು ಒಂದೆರಡು ಬಂದ್ರೆ ಬರ್ಲಿ ಬಿಡಿ. ಇಷ್ಟಕ್ಕೆ ಎಲಾಸ್ಟಿಕ್‌ಸರ್ಚ್ ತರೋದು ಅಂದ್ರೆ ಒಂದು ಚೀಲ ಕಾಫಿ ಸಾಗಿಸಕ್ಕೆ ಲಾರಿ ತಂದಂಗೆ.

ಹಾಸನ್_ಪಿಎಚ್‌ಪಿ:
ಮಾಡಿದೆ. ಜನರೇಟೆಡ್ ಕಾಲಂ (ಬೇರೆ ಕಾಲಮ್ಮಿಂದ ತಾನೇ ಲೆಕ್ಕ ಹಾಕ್ಕೊಳ್ಳೋದು) ಹಾಕಿ ಒಳಗೆ ರಿಪ್ಲೇಸ್ ಮೇಲೆ ರಿಪ್ಲೇಸ್, ನೋಡಕ್ಕೆ ಅಸಹ್ಯ, ಆದ್ರೆ ಜಮೀನ್ ಮೂರೂ ಬಂತು, ಶಾಹಿನೂ ಬಂತು. ಮೇಷ್ಟ್ರು ಪಕ್ಕದಲ್ಲೇ ಕೂತಿದ್ರು, ಖುಷಿಯಾಗಿ ಇನ್ನೊಂದು ಕಾಫಿ ಕೊಡ್ಸಿದ್ರು. ಒಂದೇ ಒಂದು ಉಳೀತು, 'ಹೆ' ಮೇಲೆ ಹಂಜಾ (ಮೇಲೆ ಬರೋ ಒಂದು ಚಿಕ್ಕ ಗುರುತು) ಇರೋ ಹೆಸರು ಇನ್ನೂ ಸಿಗ್ತಿಲ್ಲ.

ಚಾಯ್_ಮತ್ತು_ಕೋಡ್:
06ಸಿ0 ಇರುತ್ತೆ ನೋಡಿ. ಎನ್‌ಎಫ್‌ಡಿ (ಅಕ್ಷರ ಬಿಡಿಸೋ ಯೂನಿಕೋಡ್ ನಿಯಮ) ಮಾಡಿದ್ರೆ ಅದು 06ಡಿ5 ಜೊತೆ 0654 ಆಗಿ ಒಡೆಯುತ್ತೆ, ನೀವು ಅಂದ್ಕೊಂಡಂಗೆ 0647 ಆಗಲ್ಲ. 06ಸಿ0, 06ಡಿ5 ಎರಡನ್ನೂ 0647ಕ್ಕೆ ಮ್ಯಾಪ್ ಮಾಡಿ, 0654 ಕಿತ್ತು ಹಾಕಿ. ಆಗ್ಲಿಲ್ಲ ಅಂದ್ರೆ ಹೆಕ್ಸ್ ಇಲ್ಲಿ ಹಾಕಿ, ನಮಾಜ್ ಮುಗಿಸ್ಕೊಂಡು ಬಂದು ನೋಡ್ತೀನಿ.