ಮಲೆನಾಡಿನ ಅಂಜೂರ: ಕಾಯಿ ಉದುರೋದು ಚಳಿಗೋ, ಹುಳ ಇಲ್ಲದ್ದಕ್ಕೋ?

ಪ್ರಶ್ನೆ (ಮೂಡಿಗೆರೆ): ಸಾರ್, ಮನೆ ಹಿಂದೆ ಎರಡು ಅಂಜೂರದ ಗಿಡ ಇವೆ. ಒಂದು ನರ್ಸರಿಯಿಂದ ತಂದ ಪೂನಾ ಅಂಜೂರ, ಇನ್ನೊಂದು ಒಣಹಣ್ಣಿನ ಬೀಜ ಹಾಕಿ ಎಬ್ಬಿಸಿದ್ದು. ಎರಡರಲ್ಲೂ ಕಾಯಿ ಕಟ್ಟುತ್ತೆ, ನೆಲ್ಲಿಕಾಯಿ ಗಾತ್ರಕ್ಕೆ ಬಂದು ಉದುರುತ್ತೆ. ಇಲ್ಲಿನ ಚಳಿಗೋ, ಪರಾಗಸ್ಪರ್ಶ ಮಾಡೋ ಹುಳ ಇಲ್ಲದ್ದಕ್ಕೋ?

ಉತ್ತರ: ಚಳಿಯ ಮಾತು ಬಿಡಿ. ಎಲೆ ಉದುರಿಸಿ ನಿಂತ ಅಂಜೂರ ಸೊನ್ನೆಗಿಂತ ಕೆಳಗೂ ಬದುಕುತ್ತೆ. ಹಿಮ ಬೀಳುವ ದೇಶಗಳಲ್ಲಿ ಗಿಡಕ್ಕೆ ಗೋಣಿ, ಹುಲ್ಲು ಸುತ್ತುವುದು ಮೈನಸ್ 10 ಡಿಗ್ರಿ ಆಸುಪಾಸಿನಲ್ಲಿ ರೆಂಬೆ ಸಾಯುತ್ತವೆ ಅಂತ. ನಿಮಗೆ ಅದರ ಗೊಡವೆ ಇಲ್ಲ.

ಬೀಜದ ಗಿಡಕ್ಕೆ ನಿಮ್ಮ ಅನುಮಾನ ಸರಿ. ಹಣ್ಣಿನಲ್ಲಿ ಮೊಳೆಯುವ ಬೀಜ ಇತ್ತು ಎಂದರೆ ಅದಕ್ಕೆ ಪರಾಗಸ್ಪರ್ಶ ಆಗಿತ್ತು. ಅಂಥ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಅವುಗಳ ಕಾಯಿ ಒಳಗೆ ಬೆಂಡು, ತಿನ್ನಲು ಬರುವುದಿಲ್ಲ. ಉಳಿದ ಹೆಣ್ಣು ಗಿಡಗಳಲ್ಲಿ ಸ್ಮಿರ್ನಾ ಬಗೆಯವಾದರೆ ಬ್ಲಾಸ್ಟೋಫಾಗಾ ಎಂಬ ಕಣಜ ಗಂಡು ಅಂಜೂರದಿಂದ ಪರಾಗ ಹೊತ್ತು ಬರಲೇಬೇಕು, ಇಲ್ಲದಿದ್ದರೆ ಎಳೆಗಾಯಿ ಮುದುಡಿ ಬೀಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಸ್ಮಿರ್ನಾ ನೆಟ್ಟವರು ವರ್ಷಗಟ್ಟಲೆ ಇದನ್ನೇ ಕಂಡರು. 1899ರಲ್ಲಿ ಕಣಜ ನೆಲೆಯೂರಿದ ಮೇಲೆ ಫಸಲು ಬಂತು. ನೀವು ಹುಳ ಹುಡುಕಬೇಡಿ, ಬುಡ ಕೀಳಲೂ ಬೇಡಿ. ಜನವರಿ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬರುವ ಚಿಗುರು ಪೆನ್ಸಿಲ್ ದಪ್ಪ ಆದಾಗ ಪೂನಾದ ಕಣ್ಣು ಕಸಿ ಮಾಡಿ. ಗಾಯದಿಂದ ಹಾಲು ಸುರಿಯುವುದು ನಿಂತ ಮೇಲೆ ಒರೆಸಿ ಕೂರಿಸಿ, ಹಾಲಿನ ಮೇಲೆ ಕಣ್ಣು ಹಿಡಿಯುವುದಿಲ್ಲ.

ಪೂನಾಗೆ ಪರಾಗವೇ ಬೇಡ. ಅದರ ಎಲೆ ತಿರುಗಿಸಿ ನೋಡಿ. ಕಂದು ಪುಡಿ ಕಂಡರೆ ತುಕ್ಕು ರೋಗ. ಎಲೆ ಹೋದ ಗಿಡ ಕಾಯಿ ಹಿಡಿದಿಡಲಾರದು. ಪುಡಿ ಇಲ್ಲದಿದ್ದರೆ ನೆರಳು (ಸಿಲ್ವರ್ ಓಕ್ ಅಡಿ ಅಂಜೂರ ದಂಡ, ಆರು ಗಂಟೆ ನೇರ ಬಿಸಿಲು ಬೇಕು), ಒಮ್ಮೆ ಒಣಗಿಸಿ ಒಮ್ಮೆ ನೆನೆಸುವ ನೀರು, ಅತಿಯಾದ ಯೂರಿಯಾ, ಈ ಮೂರನ್ನು ನೋಡಿ.

ಮಳೆಗಾಲದ ಬೆಳೆಯ ಆಸೆ ಬಿಡಿ. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಹಿಂದಿನ ಚಿಗುರನ್ನು ಮೂರು-ನಾಲ್ಕು ಕಣ್ಣು ಉಳಿಸಿ ಸವರಿ. ಹೊಸ ಚಿಗುರಲ್ಲೇ ಕಾಯಿ. ಬಿದ್ದ ಎಲೆ ಸುಡಿ. ತುಕ್ಕಿಗೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯಿರಿ: 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ, ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಮುಂಗಾರಿಗೆ ಮುಂಚೆ ಇನ್ನೊಮ್ಮೆ. ಕಾಫಿ, ಅಡಿಕೆಗೆ ಹೇಗೂ ಕಲಸುತ್ತೀರಲ್ಲ.

ಪ್ರಶ್ನೆ (ಸಕಲೇಶಪುರ): ಸಾರ್, ನಮ್ಮ ಹಳ್ಳದ ಪಕ್ಕ ಅತ್ತಿ ಮರ ಇದೆ. ಅದರ ಹುಳ ಬಂದು ಅಂಜೂರಕ್ಕೆ ಆಗಲ್ವಾ?

ಉತ್ತರ: ಇಲ್ಲ. ಅತ್ತಿಯ ಕಣಜವೇ ಬೇರೆ, ಅದು ಅತ್ತಿಗೇ ಮೀಸಲು. ಅತ್ತಿ ಬೇರುಗಂಟಿನ ಜಂತುಹುಳುವನ್ನು ತಡೆಯುವುದರಿಂದ ಅಂಜೂರಕ್ಕೆ ಕಸಿಬುಡವಾಗಿ ಉಪಯೋಗ.

ಪ್ರಶ್ನೆ (ಮೂಡಿಗೆರೆ): ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಂದರೆ?

ಉತ್ತರ: ಮಾಗಿದ ಹಣ್ಣು ಸೀಳುತ್ತೆ, ಹುಳಿಯುತ್ತೆ. ಮೋಡ ಕಂಡ ದಿನ ತೊಟ್ಟು ಬಾಗಿ ಮೆತ್ತಗಾದವನ್ನೆಲ್ಲ ಕೊಯ್ದುಬಿಡಿ. ಗಟ್ಟಿ ಕಾಯಿ ಮುಟ್ಟಬೇಡಿ, ಅಂಜೂರ ಕಿತ್ತ ಮೇಲೆ ಮಾಗುವುದಿಲ್ಲ. ಕೈಗೆ ಗ್ಲೌಸ್ ಇರಲಿ, ಹಾಲು ತಾಗಿದರೆ ತುರಿಕೆ.