ಎರಡು ಯುಎಸ್‌ಬಿ ಮೈಕ್, ಒಂದೇ ಲ್ಯಾಪ್‌ಟಾಪ್: ತಾಳಮದ್ದಳೆ ರೆಕಾರ್ಡಿಂಗ್ ಹೇಗೆ?

ಶಿರಸಿ_ಮದ್ದಳೆ ಕೇಳಿದ್ದು:

ನಮ್ಮ ಮನೆ ಜಗುಲಿಯಲ್ಲಿ ಆಗಾಗ ತಾಳಮದ್ದಳೆ ನಡೆಯುತ್ತದೆ. ಭಾಗವತರು, ಅರ್ಥ ಹೇಳುವವರು ಮೂರ್ನಾಲ್ಕು ಜನ, ಮದ್ದಳೆಗೆ ನಾನು. ಯುದ್ಧದ ಪದ ಬಂದಾಗ ಚಂಡೆಯೂ ಉಂಟು. ಇದನ್ನೆಲ್ಲ ನೀಟಾಗಿ ರೆಕಾರ್ಡ್ ಮಾಡಿಡೋಣ ಅಂತ ಒಂದೇ ಮಾಡೆಲಿನ ಎರಡು ಯುಎಸ್‌ಬಿ ಮೈಕ್ ತಂದೆ. ವಿಂಡೋಸ್ 10 ಲ್ಯಾಪ್‌ಟಾಪ್. ಸೌಂಡ್ ಸೆಟ್ಟಿಂಗಿನಲ್ಲಿ ಎರಡೂ ಮೈಕ್ ಕಾಣುತ್ತವೆ. ಆದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಒಂದನ್ನು ಆರಿಸಿದರೆ ಇನ್ನೊಂದು ಇಲ್ಲ.

ಕೊನೆಗೆ ಒಂದು ಮೈಕನ್ನು ತಮ್ಮನ ಲ್ಯಾಪ್‌ಟಾಪಿಗೆ ಹಾಕಿ ಎರಡರಲ್ಲೂ ಬೇರೆ ಬೇರೆ ರೆಕಾರ್ಡ್ ಮಾಡಿದೆವು. ಶುರುವಿಗೆ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಆ ಗುರುತು ನೋಡಿಕೊಂಡು ಎರಡೂ ಫೈಲ್ ಸೇರಿಸಿದೆ. ಮೊದಲ ಪದಗಳು ಚೊಕ್ಕವಾಗಿವೆ. ಗಂಟೆ ಕಳೆಯುವ ಹೊತ್ತಿಗೆ ಮಾತ್ರ ಮದ್ದಳೆಯ ಒಂದೊಂದು ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಮೈಕ್ ಹಾಳೋ, ಕೇಬಲ್ಲೋ, ಸಾಫ್ಟ್‌ವೇರೋ?

ಹರಟೆಕಟ್ಟೆ_ಹುಬ್ಬಳ್ಳಿ:

ಆಡಾಸಿಟಿ ಒಂದು ಸಲಕ್ಕೆ ಒಂದೇ ಡಿವೈಸಿನಿಂದ ರೆಕಾರ್ಡ್ ಮಾಡುತ್ತದೆ, ಅದು ಅದರ ಸ್ವಭಾವ. ವಾಯ್ಸ್‌ಮೀಟರ್ ಅನ್ನುವ ಮಿಕ್ಸರ್ ಸಾಫ್ಟ್‌ವೇರ್ ಹಾಕಿ ನೋಡಿ. ಅದರಲ್ಲಿ ಎರಡು ಹಾರ್ಡ್‌ವೇರ್ ಇನ್‌ಪುಟ್ ಇವೆ, ಬನಾನಾ ಆವೃತ್ತಿಯಲ್ಲಿ ಮೂರು. ಎಲ್ಲ ಸೇರಿಸಿ ಒಂದು ಡಿವೈಸ್ ಥರ ಆಡಾಸಿಟಿಗೆ ಕೊಡುತ್ತದೆ. ನಮ್ಮ ಪಾಡ್‌ಕಾಸ್ಟಿಗೆ ಇದೇ ನಡೀತಿದೆ. ಆದರೆ ನಮ್ಮದು ಬರೀ ಮಾತು, ಅದೂ ಅರ್ಧ ಗಂಟೆ.

ಹಳೇಸ್ಪೀಕರ್_ಮೈಸೂರು:

ನಿಮ್ಮ ಮೈಕೂ ಸರಿ ಇದೆ, ಕೇಬಲ್ಲೂ ಸರಿ ಇದೆ. ಅವೆರಡೂ ಬೇರೆ ಬೇರೆ ಗಡಿಯಾರ ಇಟ್ಟುಕೊಂಡಿವೆ, ಅಷ್ಟೇ.

ಯುಎಸ್‌ಬಿ ಮೈಕ್ ಅಂದರೆ ಬರೀ ಮೈಕ್ ಅಲ್ಲ. ಶಬ್ದವನ್ನು ಅಂಕಿಗಳಾಗಿ ಮಾಡುವ ಚಿಪ್ಪೂ ಅದರ ಹೊಟ್ಟೆಯಲ್ಲೇ ಇರುತ್ತದೆ. ಸೆಕೆಂಡಿಗೆ 48,000 ಸಲ ಅಳೆಯಬೇಕು ಅಂತ ಅದಕ್ಕೆ ಹೇಳುವುದು ಒಂದು ಪುಟಾಣಿ ಕ್ರಿಸ್ಟಲ್. ಎರಡು ಕ್ರಿಸ್ಟಲ್‌ಗಳು ಪಕ್ಕಾ ಒಂದೇ ವೇಗದಲ್ಲಿ ಓಡುವುದಿಲ್ಲ, ಒಂದೇ ಮಾಡೆಲ್ ಆದರೂ. ಒಂದು ಮೇಳಕ್ಕೆ ಇಬ್ಬರು, ಒಬ್ಬರನ್ನೊಬ್ಬರು ನೋಡದೆ ತಾಳ ಹಾಕಿದ ಹಾಗೆ. ಲೆಕ್ಕ ಹಾಕಿ: ಎರಡರ ನಡುವೆ ಲಕ್ಷಕ್ಕೆ 5ರಷ್ಟು ವ್ಯತ್ಯಾಸ ಇದೆ ಅಂದುಕೊಳ್ಳೋಣ. ಒಂದು ಗಂಟೆಗೆ 3,600 ಸೆಕೆಂಡು. ಗಂಟೆ ಮುಗಿಯುವಾಗ 0.18 ಸೆಕೆಂಡು ಆಚೀಚೆ ಆಗಿರುತ್ತದೆ. ಮಾತಿಗೆ ಬೇರೆ ಬೇರೆ ಮೈಕ್ ಇದ್ದರೆ ಇದು ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ಒಂದೇ ಮದ್ದಳೆ ಎರಡೂ ಮೈಕಿಗೆ ಕೇಳುತ್ತಿದೆ. ಅಂಥ ಚುರುಕು ಪೆಟ್ಟು ಎರಡಾಗಿ ಕೇಳಲು ಅಷ್ಟು ಅಂತರ ಧಾರಾಳ ಸಾಕು.

ಸಾಫ್ಟ್‌ವೇರಿನಲ್ಲಿ ದಾರಿ ಇಲ್ಲ ಅಂತಲ್ಲ. ಮ್ಯಾಕ್ ಆಗಿದ್ದರೆ ಆಡಿಯೋ ಮಿಡಿ ಸೆಟಪ್‌ನಲ್ಲಿ ಅಗ್ರಿಗೇಟ್ ಡಿವೈಸ್ (ಎರಡೂ ಸೇರಿ ಒಂದೇ ಡಿವೈಸ್) ಮಾಡಿ, ವೇಗದ ವ್ಯತ್ಯಾಸ ಸರಿಪಡಿಸುವ ಡ್ರಿಫ್ಟ್ ಕರೆಕ್ಷನ್ ಟಿಕ್ ಹಾಕಿ ಅಂತಿದ್ದೆ. ವಿಂಡೋಸಿನಲ್ಲಿ ಅಂಥದ್ದು ಮೊದಲಿಂದ ಬರುವುದಿಲ್ಲ. ಆಸಿಯೋ4ಆಲ್ ಅನ್ನುವ ಡ್ರೈವರ್ (ಡಿವೈಸಿಗೂ ಸಾಫ್ಟ್‌ವೇರಿಗೂ ನಡುವಿನ ಕೊಂಡಿ) ಹಾಕಿ ಎರಡು ಡಿವೈಸ್ ಜೋಡಿಸುವವರಿದ್ದಾರೆ. ಜೋಡಿಸಿದರೂ ಗಡಿಯಾರ ಎರಡೇ ಅಲ್ವಾ? ನಡುನಡುವೆ ಟಿಕ್ ಟಿಕ್ ಅಂತ ಶುರುವಾಗುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ ಇಂಥದ್ದನ್ನು ನಂಬಿ ನಾನಂತೂ ಕೂರುವುದಿಲ್ಲ.

ಈಗ ಒಂದು ಕೆಲಸ ಮಾಡಿ. ಮೈಕಿನ ತಳ ನೋಡಿ. ಯುಎಸ್‌ಬಿ ಪಕ್ಕದಲ್ಲಿ ಮೂರು ಪಿನ್ನಿನ ದುಂಡನೆಯ ಸಾಕೆಟ್ ಇದೆಯಾ?

ಶಿರಸಿ_ಮದ್ದಳೆ:

ಇದೆ! ಅದು ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ. ಡಬ್ಬದ ಮೇಲೆ ಡೈನಾಮಿಕ್ ಅಂತ ಬರೆದಿದೆ.

ಹಳೇಸ್ಪೀಕರ್_ಮೈಸೂರು:

ಹಾಗಾದರೆ ಮೈಕ್ ಮಾರಬೇಡಿ. ಅದು ಎಕ್ಸ್‌ಎಲ್‌ಆರ್. ಎರಡು ಎಕ್ಸ್‌ಎಲ್‌ಆರ್ ಕೇಬಲ್ ಮತ್ತು ಎರಡು ಮೈಕ್ ಇನ್‌ಪುಟ್ ಇರುವ ಒಂದು ಯುಎಸ್‌ಬಿ ಇಂಟರ್ಫೇಸ್ (ಮೈಕಿನ ಶಬ್ದವನ್ನು ಅಂಕಿ ಮಾಡಿ ಲ್ಯಾಪ್‌ಟಾಪಿಗೆ ಕೊಡುವ ಡಬ್ಬಿ) ತನ್ನಿ. ಆಗ ಎರಡೂ ಮೈಕಿಗೆ ಒಂದೇ ಗಡಿಯಾರ. ಡೈನಾಮಿಕ್ ಮೈಕಿಗೆ ಹೊರಗಿನಿಂದ ಕರೆಂಟ್ ಬೇಡ, ಆದ್ದರಿಂದ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಬಟನ್ ಮುಟ್ಟುವುದೇ ಬೇಡ.

ಡ್ರೈವರ್ ಬಗ್ಗೆ ಹೆದರಿಕೆ ಬೇಡ. ಇಂಥ ಸಾಧನಗಳ ಮಾನದಂಡವಾದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಅನ್ನು ವಿಂಡೋಸ್ 10 ತಾನಾಗಿ ಗುರುತಿಸಲು ಶುರು ಮಾಡಿದ್ದು 2017ರ 1703 ಆವೃತ್ತಿಯಿಂದ. ನಿಮ್ಮದು ಅದಕ್ಕಿಂತ ಹಳೆಯದಲ್ಲ ಅಂದುಕೊಂಡಿದ್ದೇನೆ. ಆದರೂ ಇಂಟರ್ಫೇಸ್ ಮಾಡಿದವರದ್ದೇ ಡ್ರೈವರ್ ಇದ್ದರೆ ಅದನ್ನೇ ಹಾಕಿ.

ಆಡಾಸಿಟಿಯಲ್ಲಿ ಹೋಸ್ಟ್ ಅಂತ ಇರುವಲ್ಲಿ ವಾಸಾಪಿ (WASAPI, ವಿಂಡೋಸಿನದೇ ಆಡಿಯೋ ದಾರಿ) ಆರಿಸಿ, ಚಾನೆಲ್ 2 ಮಾಡಿ. ಆಸಿಯೋ (ASIO, ಇನ್ನೊಂದು ಥರದ ಆಡಿಯೋ ದಾರಿ) ಹುಡುಕುತ್ತಾ ಕೂರಬೇಡಿ. ಅದು ಆಡಾಸಿಟಿ 3ರ ಮಾಮೂಲಿ ಡೌನ್‌ಲೋಡಿನಲ್ಲಿ ಬರುವುದಿಲ್ಲ, ಹಳೇ ಲೈಸೆನ್ಸ್ ಜಗಳ. ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಒಂದನೇ ಮೈಕ್ ಎಡಗಿವಿಗೆ, ಎರಡನೆಯದು ಬಲಗಿವಿಗೆ ಬರುತ್ತದೆ. ಗಾಬರಿ ಆಗಬೇಡಿ. ರೆಕಾರ್ಡ್ ಆದಮೇಲೆ ಟ್ರ್ಯಾಕ್ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೋ ಟು ಮೋನೋ’ ಒತ್ತಿದರೆ ಎರಡು ಬೇರೆ ಟ್ರ್ಯಾಕ್. ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನುವ ಸ್ಯಾಂಪಲ್ ರೇಟ್ ವಿಂಡೋಸಿನಲ್ಲೂ ಪ್ರಾಜೆಕ್ಟಿನಲ್ಲೂ 48000 ಇರಲಿ, ಒಂದು ಕಡೆ 44100 ಬೇಡ. ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಆಡಾಸಿಟಿ ಸುಮ್ನೆ ಬಿಟ್ಟರೆ 32 ಬಿಟ್‌ನಲ್ಲಿ ಬರೆಯುತ್ತದೆ, ಎರಡು ಚಾನೆಲಿಗೆ ಗಂಟೆಗೆ 1.4 ಜಿಬಿ ಹತ್ತಿರ ತಿನ್ನುತ್ತದೆ.

ಇಂಟರ್ಫೇಸನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಯುಎಸ್‌ಬಿ 2ರ ಒಂದು ಪೋರ್ಟಿನಿಂದ ಲೆಕ್ಕದ ಪ್ರಕಾರ ಸಿಗುವುದೇ 500 ಮಿಲಿಆಂಪ್. ಕರೆಂಟ್ ಇಲ್ಲದ ಅಗ್ಗದ ಹಬ್ಬಿನಲ್ಲಿ ಮೌಸ್, ಹಾರ್ಡ್‌ಡಿಸ್ಕ್ ಜೊತೆ ಅದನ್ನೂ ನೇತು ಹಾಕಿದರೆ ಮಧ್ಯದಲ್ಲಿ ಕೈ ಕೊಡುತ್ತದೆ.

ಗದಗ_ಲಿನಕ್ಸ್:

ಹಳೇ ಲ್ಯಾಪ್‌ಟಾಪ್ ಇನ್ನೊಂದಿದ್ದರೆ ಲಿನಕ್ಸ್ ಹಾಕಿ. ಅದರಲ್ಲಿನ ಪೈಪ್‌ವೈರ್ ಅನ್ನುವ ಆಡಿಯೋ ವ್ಯವಸ್ಥೆ ಎರಡು ಯುಎಸ್‌ಬಿ ಮೈಕುಗಳ ವೇಗವನ್ನು ಹೊಂದಿಸಿಕೊಂಡು ಹೋಗುತ್ತದೆ. ಒಂದು ಪೈಸೆ ಖರ್ಚಿಲ್ಲ.

ಹಳೇಸ್ಪೀಕರ್_ಮೈಸೂರು:

ಒಪ್ಪಿದೆ, ನಡೆಯುತ್ತದೆ. ಆದರೆ ಅವರು ಮದ್ದಳೆ ಬಾರಿಸಬೇಕೋ, ಟರ್ಮಿನಲ್ ಬಡಿಯಬೇಕೋ?

ಶಿರಸಿ_ಮದ್ದಳೆ:

ಇಂಟರ್ಫೇಸ್ ಬಂತು, ಹೇಳಿದ ಹಾಗೇ ಮಾಡಿದೆ. ಕೊನೆಯ ಪದದವರೆಗೂ ಒಂದು ಪೆಟ್ಟಿಗೆ ಒಂದೇ ಪೆಟ್ಟು. ಈಗ ಎರಡು ತಕರಾರು. ಚಾರ್ಜರ್ ಹಾಕಿದರೆ ಗುಂಯ್ ಅನ್ನುತ್ತದೆ. ಚಂಡೆ ಶುರುವಾದರೆ ಶಬ್ದ ಒಡೆಯುತ್ತದೆ.

ಹಳೇಸ್ಪೀಕರ್_ಮೈಸೂರು:

ಚಾರ್ಜರ್ ತೆಗೆದರೆ ಗುಂಯ್ ನಿಲ್ಲುತ್ತದೆ ಅಂದರೆ ಅದು ಅರ್ಥಿಂಗ್ ಕಥೆ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಪದ್ಯಗಳ ನಡುವಿನ ಬಿಡುವಿನಲ್ಲಿ ಚಾರ್ಜ್ ಕೊಡಿ. ಜಗುಲಿಯ ಪ್ಲಗ್ಗಿನ ಅರ್ಥ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ನಿಗೆ ತೋರಿಸುವುದೂ ಒಳ್ಳೆಯದು, ಅದು ರೆಕಾರ್ಡಿಂಗಿಗೆ ಮಾತ್ರ ಅಲ್ಲ.

ಚಂಡೆಗೆ: ಗೇನ್ ಗುಬ್ಬಿಯನ್ನು (ಇಂಟರ್ಫೇಸಿನಲ್ಲಿ ಮೈಕಿನ ಮಟ್ಟ ಏರಿಸಿ ಇಳಿಸುವ ತಿರುಗುಗುಂಡಿ) ಭಾಗವತರ ಮೆಲು ದನಿ ಕೇಳಿ ಇಡಬೇಡಿ. ಮೊದಲು ಚಂಡೆಯವರ ಹತ್ತಿರ ಜೋರಾಗಿ ಬಾರಿಸಿಸಿ. ಆಗ ಆಡಾಸಿಟಿಯ ಮೀಟರ್ -6 ಡೆಸಿಬಲ್ ದಾಟಬಾರದು, ಅಲ್ಲಿಗೆ ಗುಬ್ಬಿ ನಿಲ್ಲಿಸಿ. ಭಾಗವತರ ದನಿ ಕಮ್ಮಿ ಅನ್ನಿಸಿದರೆ ಆಮೇಲೆ ಆಡಾಸಿಟಿಯಲ್ಲಿ ಏರಿಸಬಹುದು. ಒಡೆದ ಚಂಡೆಯನ್ನು ಯಾವ ಸಾಫ್ಟ್‌ವೇರೂ ಜೋಡಿಸಿ ಕೊಡುವುದಿಲ್ಲ. ಚಂಡೆಯವರನ್ನು ಜಗುಲಿಯ ಆ ತುದಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಪ್ಪಿಸುವುದು ನಿಮ್ಮ ಜವಾಬ್ದಾರಿ.